ಮೈಕಿನಲ್ಲಿ ಆಡಿದ ಮಾತು

ಮಕ್ಕಳ ಮ್ಯೂಸಿಯಮ್ಮಿನೊಳಗೆ ಕಾಲಿಟ್ಟು ಹತ್ತು ನಿಮಿಷ ಆಗಿತ್ತೋ ಇಲ್ಲವೋ, ನಾನು ಆಗಲೇ ಮೂರು ಸಲ ಗಡಿಯಾರ ನೋಡಿದ್ದೆ. ಎರಡು ಹತ್ತು. ಎರಡು ಹನ್ನೆರಡು. ಮತ್ತೆ ಎರಡು ಹನ್ನೆರಡು. ನಾಲ್ಕಕ್ಕೆ ಅಕ್ಕ ಗೇಟಿಗೆ ಬರುವವಳಿದ್ದಳು. ಅಲ್ಲಿಯವರೆಗೆ ಅವಳ ಇಬ್ಬರು ಮಕ್ಕಳು ನನ್ನ ಸುಪರ್ದಿಯಲ್ಲಿ.

"ಎರಡು ಒಪ್ಪಿಸ್ತಿದ್ದೀನಿ ಕಣೇ, ಎರಡೂ ವಾಪಸ್ ಬರ್ಬೇಕು. ಜಾಸ್ತಿ ತಂದ್ರೆ ನಾನು ಸಾಕಲ್ಲ," ಎಂದು ನಕ್ಕಿದ್ದಳು. ನಕ್ಕವಳು ಬೀದಿಯ ತಿರುವಿನಲ್ಲಿ ನಿಂತು ಎರಡು ಸಲ ತಿರುಗಿ ನೋಡಿದ್ದಳು.

ಅಕ್ಕ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಚಿಕ್ಕವನು ಹುಟ್ಟಿದಾಗ ಬಿಟ್ಟ ಕೆಲಸ, ಮೂರೂವರೆ ವರ್ಷದ ನಂತರ ಮತ್ತೆ ಸಿಕ್ಕಿತ್ತು. ಸೋಮವಾರದಿಂದ ಶುರು; ಆವತ್ತು ಕಾಗದಪತ್ರ ತೋರಿಸಲು ಹೋಗಿದ್ದಳು. ಮಕ್ಕಳ ಜೊತೆ ದಿನವಿಡೀ ಯಾರಿರಬೇಕು ಎಂಬ ಪ್ರಶ್ನೆಗೆ ಅಕ್ಕ ನನ್ನ ಹೆಸರು ಹೇಳಿದ್ದಳು. ಭಾವ ಇನ್ನೂ ಹೂಂ ಅಂದಿರಲಿಲ್ಲ. ಹಿಂದಿನ ದಿನ ಅಡುಗೆಮನೆಯಲ್ಲಿ ಅವರು ಅಕ್ಕನಿಗೆ ಹೇಳಿದ್ದು ನನಗೆ ಕೇಳಿಸಿತ್ತು.

"ಹುಡುಗಿ ಒಳ್ಳೇವಳೇ. ಆದ್ರೆ ಅಂಗಡಿಯವನ ಹತ್ರ ಒಂದು ಸೋಪು ಕೇಳೋಕೂ ಬಾಯಿ ಬರಲ್ಲ. ಮಕ್ಕಳಿಗೆ ಏನಾದ್ರೂ ಆದ್ರೆ ಯಾರನ್ನ ಕೂಗ್ತಾಳೆ? ಮನಸ್ಸಲ್ಲೇ ಕೂಗ್ತಾಳಾ?"

"ನಾಳೆ ಅವಳೊಬ್ಬಳೇ ಕರ್ಕೊಂಡು ಹೋಗಲಿ, ಮ್ಯೂಸಿಯಮ್ಮಿಗೆ. ಆಮೇಲೆ ಮಾತಾಡೋಣ," ಎಂದಿದ್ದಳು ಅಕ್ಕ.

ಹಾಗಾಗಿ ಇದು ಪರೀಕ್ಷೆ. ಡಿಗ್ರಿ ಮುಗಿದು ಒಂದು ವರ್ಷ ಕಳೆದಿತ್ತು. ಎರಡು ಇಂಟರ್‌ವ್ಯೂಗಳಲ್ಲಿ ಗೊತ್ತಿದ್ದ ಉತ್ತರವೂ ನಾಲಿಗೆಯ ಬುಡದಲ್ಲೇ ಕೂತುಬಿಟ್ಟಿತ್ತು. ಈ ಎರಡು ಮಕ್ಕಳ ಮುಂದೆ ಮಾತ್ರ ನನಗೆ ಮಾತು ಬರುತ್ತದೆ, ಬೇಡವೆಂದರೂ ಬರುತ್ತದೆ. ನನಗೆ ಈ ಕೆಲಸ ಬೇಕಿತ್ತು. ಇಷ್ಟು ಬೇಕು ಎಂದು ಯಾರಿಗೂ ಹೇಳಿರಲಿಲ್ಲ.

ಬಾಗಿಲಲ್ಲಿ ಕಾವಲಿನ ಹೆಂಗಸು ನಮ್ಮ ಮೂವರ ಮುಂಗೈಗೂ ನೇರಳೆ ಶಾಯಿಯ ಮೊಹರು ಒತ್ತಿದ್ದರು: ನೂರಾ ಹದಿನಾಲ್ಕು. ಹೊರಗೆ ಹೋಗುವಾಗ ದೊಡ್ಡವರ ಕೈಮೇಲಿನ ಅಂಕಿಯೂ ಮಕ್ಕಳದ್ದೂ ಒಂದೇ ಇರಬೇಕು, ಇಲ್ಲದಿದ್ದರೆ ಬಿಡುವುದಿಲ್ಲ ಎಂದರು. ಅವರಿಗೆ ನಮ್ಮಜ್ಜಿಯಷ್ಟು ವಯಸ್ಸು, ಪೊಲೀಸಿನವರಷ್ಟು ಗತ್ತು.

ಆರು ವರ್ಷದ ದೊಡ್ಡವಳಿಗೆ ಮನೆಯಲ್ಲಿ ಲಾಯರಮ್ಮ ಎಂದು ಹೆಸರು. ಅವಳು ಕೂಡಲೇ ಕೇಳಿದಳು, "ಒಂದು ವೇಳೆ ಕೈಯೇ ಕಳೆದುಹೋದ್ರೆ?"

"ಕೈ ಸಿಕ್ಕೋವರೆಗೂ ಇಲ್ಲೇ ಇರ್ಬೇಕು," ಎಂದರು ಆಕೆ, ಮುಖ ಒಂದಿಷ್ಟೂ ಸಡಿಲಿಸದೆ.

ಮೂರು ದಾಟಿ ನಾಲ್ಕಕ್ಕೆ ಬಿದ್ದಿದ್ದ ಚಿಕ್ಕವನು ಮಿಡತೆ. ಅವನು ನಡೆದದ್ದನ್ನು ನಾನು ಕಂಡೇ ಇಲ್ಲ. ಅವನು ಹಾರಿದ, ನಾವು ಹಿಂದೆ ಓಡಿದೆವು. ಹಲ್ಲಿನ ಚಕ್ರಗಳನ್ನು ಜೋಡಿಸಿ ತಿರುಗಿಸುವ ಗೋಡೆ. ಅಲ್ಲಿ ಎರಡು ನಿಮಿಷ. ನೆರಳು ಅಂಟಿಕೊಳ್ಳುವ ಕೋಣೆಯಲ್ಲಿ ದೀಪ ಫಳ್ಳೆಂದಾಗ ಹಾರಿದರೆ ನಮ್ಮ ನೆರಳು ಗೋಡೆಯ ಮೇಲೆ ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಮಿಡತೆ ಅದನ್ನು ಬಿಟ್ಟು ಬರಲು ಒಪ್ಪಲಿಲ್ಲ, "ನನ್ನ ಕಪ್ಪು ಹುಡುಗ ಒಬ್ಬನೇ ಆಗ್ತಾನೆ" ಎಂದು ಅತ್ತ. ನೆರಳು ಮಾಸುವವರೆಗೆ ಕಾದೆವು. ಆಮೇಲೆ ನೀರಿನ ಮೇಜು. ಅಣೆಕಟ್ಟು ಕಟ್ಟುವುದು, ಒಡೆಯುವುದು, ಮೊಣಕೈವರೆಗೂ ನೀರು. ಎರಡು ಐವತ್ತು. ತೋಳು ಒರೆಸಿದೆ. ಮೂಗು ಒರೆಸಿದೆ. ಎಲ್ಲೆಲ್ಲೂ ಕಿರುಚಾಟ, ಎಲ್ಲೆಲ್ಲೂ ಗಂಟೆ, ಯಾವುದೋ ಮೂಲೆಯಲ್ಲಿ ಮರದ ಮಣೆಗಳ ಮೇಲೆ ಯಾರೋ ಒಂದೇ ಸಮ ಬಡಿಯುತ್ತಿದ್ದರು. ಬೇರೆ ಅಮ್ಮಂದಿರು ಅಪರಿಚಿತರೊಂದಿಗೆ ಸಲೀಸಾಗಿ ಮಾತಿಗಿಳಿಯುತ್ತಿದ್ದರು. ಯಾರಾದರೂ ನನ್ನತ್ತ ತಿರುಗಿದರೆ ನಾನು ಬಗ್ಗಿ ಮಿಡತೆಯ ಶೂ ಲೇಸು ಬಿಚ್ಚಿ ಮತ್ತೆ ಕಟ್ಟುತ್ತಿದ್ದೆ.

ಲಾಯರಮ್ಮ ಗಮನಿಸಿದಳು. "ಚಿಕ್ಕಿ, ಅದು ಬಿಚ್ಚೇ ಇರ್ಲಿಲ್ಲ."

ಮೂರು ಗಂಟೆಯ ಹೊತ್ತಿಗೆ ಹೊಟ್ಟೆಯ ಕೋಣೆಗೆ ಬಂದೆವು. ಒಂದು ಗೋಡೆಯ ತುಂಬ ದೊಡ್ಡ ಬಾಯಿ: ಸೊಂಟದೆತ್ತರದ ಹಲ್ಲು, ಕೆಂಪು ರಬ್ಬರಿನ ನಾಲಿಗೆ. ಮಕ್ಕಳು ತುತ್ತಿನಂತೆ ಒಳಹೊಕ್ಕು, ಗಂಟಲ ಕತ್ತಲೆಯ ಕೊಳವೆಯಲ್ಲಿ ಜಾರಿ, ಸ್ಪಂಜಿನ ಚೆಂಡು ತುಂಬಿದ ಹೊಟ್ಟೆಗೆ ಬೀಳಬೇಕು. ಅಲ್ಲಿನ ಕ್ರಮವೇ ಒಂದು ವಿಚಿತ್ರ. ಮಗು ಕೊಳವೆಯೊಳಗಿದ್ದಾಗ ಅದರ ಜೊತೆ ಬಂದ ದೊಡ್ಡವರು ಮೈಕಿನಲ್ಲಿ ಹಸಿದ ಹೊಟ್ಟೆಯ ಸದ್ದು ಮಾಡಬೇಕು. ಆ ಸದ್ದು ಕೊಳವೆಯೊಳಗೆಲ್ಲ ಗುಡುಗುತ್ತದೆ. ಒಬ್ಬ ಅಪ್ಪ ಗುರ್ರ್ ಎಂದರು, ಕೋಣೆಗೆ ಕೋಣೆಯೇ ನಕ್ಕಿತು. ಒಬ್ಬ ಅಜ್ಜಿ ತೇಗಿದರು, ಚಪ್ಪಾಳೆ ಬಿತ್ತು.

ಹಿಂದಕ್ಕೆ ಸರಿಯೋಣ ಎಂದುಕೊಳ್ಳುವಷ್ಟರಲ್ಲಿ ಇಬ್ಬರೂ ಹಲ್ಲು ದಾಟಿ ಒಳಗೆ ಹೋಗಿಯಾಗಿತ್ತು. ಹಳದಿ ಟೀ ಶರ್ಟಿನ ಹುಡುಗಿ, ಅಲ್ಲಿ ಆಟ ಆಡಿಸುವವಳು, ಮೈಕು ಹಿಡಿದು ಸೀದಾ ನನ್ನ ಕಡೆಗೇ ಬಂದಳು.

"ಬನ್ನಿ ಬನ್ನಿ! ಈ ಎರಡು ತುತ್ತು ನಿಮ್ಮದೇ ಅಲ್ವಾ? ಎಲ್ಲಿ, ಹೊಟ್ಟೆ ಗುರುಗುಟ್ಟಲಿ!"

ಮೈಕು ನನ್ನ ಬಾಯಿಗೆ ಅಂಟಿದಂತಿತ್ತು. ಮೂವತ್ತು ಮುಖಗಳು. ಇಲ್ಲಿಂದ ತಪ್ಪಿಸಿಕೊಂಡರೆ ಸಾಕು ಎನ್ನುವುದೊಂದೇ ತಲೆಯಲ್ಲಿದ್ದದ್ದು.

"ನಂದಲ್ಲ," ಎಂದೆ. "ಆ ಮಕ್ಕಳು ನನ್ನ ಜೊತೆ ಬಂದೋರಲ್ಲ."

ನನ್ನ ದನಿ ಕೊಳವೆಯೊಳಗೆ ಗುಡುಗಿತು. ಅಲ್ಲ, ಅಲ್ಲ, ಅಲ್ಲ ಎಂದು ಗಂಟಲಿಂದ ಹೊಟ್ಟೆಯವರೆಗೂ ಇಳಿಯಿತು.

"ಓ, ಸಾರಿ ಮೇಡಂ," ಎಂದ ಹಳದಿ ಟೀ ಶರ್ಟು ತಾನೇ ಗುರ್ರ್ ಎಂದಳು. ಮಿಡತೆ ಕೇಕೆ ಹಾಕುತ್ತಾ ಚೆಂಡುಗಳ ಮೇಲೆ ಬಿದ್ದ. ಅವನ ಹಿಂದೆ ಲಾಯರಮ್ಮ ಸದ್ದಿಲ್ಲದೆ ಜಾರಿ ಬಂದಳು. ಎದ್ದು ಫ್ರಾಕು ಕೊಡವಿಕೊಂಡಳು. ನನ್ನತ್ತ ನೋಡಲಿಲ್ಲ.

ಅಲ್ಲಿಂದ ಮುಂದೆ ಅವಳು ನನ್ನೊಂದಿಗೆ ಮಾತಾಡಲಿಲ್ಲ. ಸೋಪಿನ ಗುಳ್ಳೆಗಳ ಕೋಣೆಯಲ್ಲಿ ತಮ್ಮನ ಕೈ ಹಿಡಿದು ನನ್ನಿಂದ ನಾಲ್ಕು ಹೆಜ್ಜೆ ದೂರವೇ ಇದ್ದಳು. ನಾನು ಹತ್ತಿರ ಹೋದರೆ ಮತ್ತೆ ನಾಲ್ಕು ಹೆಜ್ಜೆ. ಪುಟ್ಟ ಅಂಗಡಿಯ ಆಟದಲ್ಲಿ ಮಿಡತೆ ನನಗೆ ಪ್ಲಾಸ್ಟಿಕ್ ಟೊಮೇಟೊ ಮಾರಲು ಬಂದರೆ, "ಗುರುತಿಲ್ಲದೋರಿಗೆ ಕೊಡ್ಬೇಡ" ಎಂದು ಎಳೆದುಕೊಂಡು ಹೋದಳು. ನಾನು ಏನಾದರೂ ಹೇಳಬೇಕಿತ್ತು. ಆಮೇಲೆ ಹೇಳೋಣ, ಬಸ್ಸಿನಲ್ಲಿ ಹೇಳೋಣ ಎಂದು ಗಡಿಯಾರ ನೋಡುತ್ತಲೇ ಉಳಿದೆ.

ಮೂರು ನಲವತ್ತಕ್ಕೆ ಬಾಗಿಲಿಗೆ ಬಂದೆವು. ನಾನು ಮುಂಗೈ ಚಾಚಿದೆ. ಕಾವಲಿನ ಹೆಂಗಸು ಮಕ್ಕಳ ಕೈ ತಿರುಗಿಸಿ ನೋಡಿದರು. ನೀರು, ಸೋಪು ಎಲ್ಲ ಸೇರಿ ನೇರಳೆ ಅಂಕಿಯನ್ನು ನುಂಗಿಬಿಟ್ಟಿದ್ದವು. ಮಸುಕು ಕಲೆಯಷ್ಟೇ ಉಳಿದಿತ್ತು.

"ಪರವಾಗಿಲ್ಲ, ದಿನಾ ಆಗೋದೇ ಇದು," ಎಂದು ಅವರು ಬಗ್ಗಿದರು. "ಹೇಳು ಪುಟ್ಟಾ, ಇವರು ನಿಂಗೆ ಏನಾಗ್ಬೇಕು?"

ಲಾಯರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಗೊತ್ತಿಲ್ಲ. ನಾವು ಇವರ ಜೊತೆ ಬಂದಿಲ್ವಂತೆ. ಇವರೇ ಮೈಕಲ್ಲಿ ಹೇಳಿದ್ರು."

ಕಾವಲಿನ ಹೆಂಗಸು ನೆಟ್ಟಗಾದರು.

"ಚಿಕ್ಕಿ!" ಎಂದು ಕೂಗಿದ ಮಿಡತೆ. ಚಡ್ಡಿ ಹಿಡಿದುಕೊಂಡು ಕುಣಿದ. "ಚಿಕ್ಕಿ, ಒಂದ ಬಂತು!"

"ನೋಡಿ, ಚಿಕ್ಕಿ ಅಂತಿದಾನೆ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

"ಈ ವಯಸ್ಸಿನವು ನನ್ನನ್ನೂ ಅಜ್ಜಿ ಅಂತಾವಮ್ಮಾ. ಹಾಗಂತ ಮನೆಗೆ ಕರ್ಕೊಂಡು ಹೋಗ್ಲಾ?" ಎನ್ನುತ್ತಾ ಅವರು ಫೋನೆತ್ತಿ ಹೊಟ್ಟೆಯ ಕೋಣೆಗೆ ಕರೆ ಮಾಡಿದರು. ಇಟ್ಟರು. "ಹೌದಂತೆ. ನೀಲಿ ಕುರ್ತಾ, ಉದ್ದ ಜಡೆ, ನನ್ನ ಮಕ್ಕಳಲ್ಲ ಅಂದ್ರಂತೆ. ಏನಮ್ಮಾ ಇದೆಲ್ಲ? ಇವರ ತಾಯಿ ನಂಬರ್ ಕೊಡಿ."

ಅಕ್ಕನಿಗೆ ಫೋನು ಹೋದರೆ ಮುಗಿಯಿತು. ಭಾವನ ಮಾತೇ ನಿಜವಾಗುತ್ತದೆ. ಅದಕ್ಕಿಂತ ಕೆಟ್ಟದಾಗಿ ನಿಜವಾಗುತ್ತದೆ. ಕೂಗಬೇಕಾದಾಗ ಸುಮ್ಮನಿರುವವಳು ಎಂದಷ್ಟೇ ಅವರು ಅಂದುಕೊಂಡಿದ್ದರು. ನಾನು ಮಕ್ಕಳೇ ನನ್ನವರಲ್ಲ ಎಂದವಳು.

"ಒಂದೇ ನಿಮಿಷ," ಎಂದು ಲಾಯರಮ್ಮನ ಮುಂದೆ ಮಂಡಿಯೂರಿದೆ. "ಕಂದಾ, ಎಲ್ಲರೂ ನನ್ನನ್ನೇ ನೋಡ್ತಿದ್ರು. ಭಯ ಆಯ್ತು. ಸುಳ್ಳು ಹೇಳಿಬಿಟ್ಟೆ."

"ಒಳಗೆ ಕತ್ತಲೆ ಇತ್ತು," ಎಂದಳು ಅವಳು.

"ಗೊತ್ತು."

"ನಿಂಗೆ ಗೊತ್ತಿಲ್ಲ. ನೀನು ಒಳಗೆ ಬಂದಿರ್ಲಿಲ್ಲ. ಇವನು ಮುಂದೆ ಜಾರಿಬಿಟ್ಟ, ನಾನೊಬ್ಬಳೇ ಇದ್ದೆ. ಆಗ ನೀನು ಹಾಗಂದೆ." ಫ್ರಾಕಿನ ಅಂಚು ಎಳೆದು ಸರಿ ಮಾಡಿಕೊಂಡಳು. "ಈಗ ಇಲ್ಲಿ ಪಿಸಿಪಿಸಿ ಅಂದ್ರೆ ನಡಿಯಲ್ಲ. ಮೈಕಲ್ಲಿ ಹೇಳಿದ್ದನ್ನ ಮೈಕಲ್ಲೇ ವಾಪಸ್ ತಗೋ."

ನಾನು ಕಾವಲಿನ ಹೆಂಗಸನ್ನು ನೋಡಿದೆ. "ಮಕ್ಕಳು ಇಲ್ಲೇ ಇರ್ತಾವೆ. ಈ ಚಿಕ್ಕದನ್ನ ನಾನು ಟಾಯ್ಲೆಟ್ಟಿಗೆ ಕರ್ಕೊಂಡು ಹೋಗ್ತೀನಿ. ನಿಮಗೇನು ಮಾಡ್ಬೇಕೋ ಬೇಗ ಮಾಡಿ," ಎಂದರು ಆಕೆ.

ಓಡಿದೆ. ಗುಳ್ಳೆಗಳ ಕೋಣೆ, ಅಂಗಡಿ, ಯಾರದೋ ತಳ್ಳುಗಾಡಿ, ಯಾರದೋ ಕಾಲು. ಹೊಟ್ಟೆಯ ಕೋಣೆಯಲ್ಲಿ ಉದ್ದ ಸಾಲು. ಸಾಲು ತಪ್ಪಿಸಿ ಮುಂದೆ ಹೋದೆ, ಜೀವಮಾನದಲ್ಲಿ ಮೊದಲ ಸಲ. "ಏನ್ರೀ, ನಾವೇನು ಗೋಡೆಗೆ ಬಳಿದ ಬಣ್ಣಾನಾ?" ಎಂದರು ಯಾರೋ. ಹಳದಿ ಟೀ ಶರ್ಟಿನ ಮುಂದೆ ಕೈ ಚಾಚಿದೆ.

"ಮೈಕ್ ಕೊಡಿ."

ಅವಳು ಗಾಬರಿಯಾಗಿ ಕೊಟ್ಟಳು. ಮೈಕು ಬೆವರಿತ್ತು, ಅಥವಾ ನನ್ನ ಕೈ.

"ನಾನು ಆಗ..." ಎಂದೆ. ಕಿರ್ರೆಂದು ಶಬ್ದ. ಎಲ್ಲರೂ ಕಿವಿ ಮುಚ್ಚಿಕೊಂಡರು. "ನಾನು ಆಗ ಸುಳ್ಳು ಹೇಳಿದೆ. ಆ ಎರಡು ಮಕ್ಕಳು ನನ್ನ ಜೊತೆನೇ ಬಂದಿದ್ದು. ನನ್ನ ಅಕ್ಕನ ಮಕ್ಕಳು. ದೊಡ್ಡವಳು ಲಾಯರಮ್ಮ, ಚಿಕ್ಕವನು ಮಿಡತೆ. ನಾನು ಅವರ ಚಿಕ್ಕಿ."

ಆಗ ಕೊಳವೆಯೊಳಗಿದ್ದ ಯಾವುದೋ ಮಗು ಗಟ್ಟಿಯಾಗಿ ಕೇಳಿತು, "ಹಂಗಾದ್ರೆ ನಾನ್ಯಾರು?"

ಕೋಣೆ ಬಿದ್ದು ಬಿದ್ದು ನಕ್ಕಿತು. ನಾನು ನಿಂತೇ ಇದ್ದೆ. "ನೀನು ಬೇರೆಯವರ ಮಗು. ಜಾರು, ನಿಮ್ಮೋರು ಕೆಳಗೆ ಕಾಯ್ತಿದಾರೆ," ಎಂದೆ ಮೈಕಿನಲ್ಲೇ, ಮತ್ತು ಓಡಿದೆ.

ಬಾಗಿಲ ಬಳಿ ಅಕ್ಕ ನಿಂತಿದ್ದಳು.

ಮೂರು ಐವತ್ತೆರಡು. ಬೇಗ ಬಂದಿದ್ದಳು. ಆಸ್ಪತ್ರೆಯ ಕಡತ ಕಂಕುಳಲ್ಲಿ, ಮಿಡತೆ ಸೊಂಟದ ಮೇಲೆ. ಕಾವಲಿನ ಹೆಂಗಸು ಏನು ಹೇಳಿದ್ದರೋ, ಅಕ್ಕನ ಮುಖ ಬಿಳಿಚಿಕೊಂಡಿತ್ತು.

"ಹೇಳಿದೆ," ಎಂದೆ ಲಾಯರಮ್ಮನಿಗೆ, ಏದುಸಿರು ಬಿಡುತ್ತಾ.

"ನಂಗೆ ಕೇಳಿಸ್ಲೇ ಇಲ್ಲ."

ಹೌದು, ಆ ಮೈಕು ಆ ಕೋಣೆಗೆ ಮಾತ್ರ. ನನಗೆ ಅದು ಹೊಳೆದೇ ಇರಲಿಲ್ಲ. ಅಷ್ಟರಲ್ಲಿ ಹಳದಿ ಟೀ ಶರ್ಟು ನನ್ನ ಹಿಂದೆಯೇ ಓಡಿ ಬಂದಳು. "ಹೇಳಿದ್ರು ಪುಟ್ಟಾ, ಸಾಲು ನುಗ್ಗಿ ಹೇಳಿದ್ರು. ನಾನೇ ಸಾಕ್ಷಿ."

ಲಾಯರಮ್ಮ ಅವಳತ್ತ ತಿರುಗಿದಳು. "ಎಷ್ಟು ಜನ ಇದ್ರು?"

"ನಲವತ್ತಂತೂ ಇದ್ರು," ಎಂದಳು ಸಾಕ್ಷಿ.

"ಹೂಂ," ಎಂದಳು. ಅಷ್ಟೇ.

ಹೊರಗಿನ ಮೆಟ್ಟಿಲ ಮೇಲೆ ಅಕ್ಕ ನಿಂತಳು. ಅವಳು ಕೇಳುವ ಮೊದಲೇ ನಾನು ಎಲ್ಲ ಹೇಳಿದೆ. ಹಿಂದುಮುಂದಾಗಿ, ಒಂದರ ಮೇಲೊಂದು ಬೀಳುವಂತೆ ಹೇಳಿದೆ; ಲೇಸು ಕಟ್ಟಿದ್ದನ್ನೂ ಬಿಡಲಿಲ್ಲ.

"ಮೈಕಲ್ಲಿ ಮಾತಾಡಿದ್ಯಾ? ನೀನು?" ಎಂದಳು ಅಕ್ಕ. ಕಣ್ಣು ಒಂದು ಕ್ಷಣ ಅರಳಿತು. ಮತ್ತೆ ಗಂಭೀರವಾಯಿತು. "ಅದು ಇರ್ಲಿ. ಮುಕ್ಕಾಲು ಗಂಟೆ ಹೊತ್ತು ಮಗು ಅದನ್ನ ಹೊಟ್ಟೇಲಿಟ್ಕೊಂಡು ಓಡಾಡಿದಾಳೆ. ಆಗ್ಲೇ ಯಾಕೆ ಹೇಳ್ಲಿಲ್ಲ ಅವಳಿಗೆ? ನಲವತ್ತು ಜನ ಬೇಡ, ಒಬ್ಬಳಿಗೆ?"

ನಾನು ಲಾಯರಮ್ಮನತ್ತ ತಿರುಗಿದೆ. ಅವಳು ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಬಸ್ ಸ್ಟಾಪಿನವರೆಗೂ ಅಕ್ಕ ಮಿಡತೆಯನ್ನು ಎತ್ತಿಕೊಂಡು ಮುಂದೆ ಮುಂದೆ ನಡೆದಳು. ಬಸ್ಸು ಬಂದಾಗ ಹತ್ತುತ್ತಾ ಹೇಳಿದಳು, "ಸೋಮವಾರ ಏಳೂವರೆಗೆ ನಾನು ಮನೆ ಬಿಡ್ಬೇಕು. ಭಾವನಿಗೆ ನಡೆದಿದ್ದು ನೀನೇ ಹೇಳು. ನಾನು ನಿನ್ನ ಪರ ಮಾತಾಡಲ್ಲ. ಎಲ್ಲಾ ಕೇಳಿದ ಮೇಲೂ ಅವರು ಹೂಂ ಅಂದ್ರೆ, ನನ್ನದೂ ಹೂಂ."

ಅಕ್ಕ ಮಿಡತೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮುಂದೆ ಕೂತಳು. ಹಿಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ಲಾಯರಮ್ಮ, ಅವಳ ಪಕ್ಕ ನಾನು. ನಡುವೆ ಒಂದು ಗೇಣು ಜಾಗ. ಇನ್ನು ಏಳು ಸ್ಟಾಪು. ಭಾವ ಮನೆಯಲ್ಲೇ ಇರುತ್ತಾರೆ. ಮೊದಲ ವಾಕ್ಯ ಯಾವುದು? ಅದು ಸಿಕ್ಕರೆ ಉಳಿದದ್ದು ಬಂದೀತು.

"ಭಾವ, ಇವತ್ತು ಒಂದು ಸಣ್ಣ ತೊಂದರೆ ಆಯ್ತು," ಎಂದು ಮೆಲ್ಲಗೆ ಹೇಳಿ ನೋಡಿಕೊಂಡೆ.

"ಸಣ್ಣದಲ್ಲ," ಎಂದಳು ಲಾಯರಮ್ಮ, ಕಿಟಕಿಯಿಂದ ಮುಖ ತಿರುಗಿಸದೆ.

"ಭಾವ, ಇವತ್ತು ಒಂದು ತೊಂದರೆ ಆಯ್ತು."

"ಆಗಿದ್ದಲ್ಲ. ನೀನು ಮಾಡಿದ್ದು."

ಆರು ಸ್ಟಾಪು. ಐದು.

"ಭಾವ, ಇವತ್ತು ನಾನು ಒಂದು ತಪ್ಪು ಮಾಡಿದೆ."

ಅವಳು ಕಿಟಕಿಯಿಂದ ಮುಖ ತಿರುಗಿಸಿದಳು. ಸೀಟಿನಲ್ಲಿ ಒಂದಿಷ್ಟು ಈಚೆ ಸರಿದಳು. "ಆಮೇಲೆ?" ಎಂದಳು. "ಮುಂದಿಂದು ಹೇಳು. ಸ್ವಲ್ಪ ಜೋರಾಗಿ. ಅಪ್ಪಂಗೆ ಮೆಲ್ಲಗೆ ಹೇಳಿದ್ರೆ ಕೇಳ್ಸಲ್ಲ."