ಬ್ಲೇಡು ತಾಗದ ಸಾಲು

ಕಾಲೇಜು ಕಚೇರಿಯ ಕಿಟಕಿಗೆ ಆ ಹುಡುಗಿ ಬಂದದ್ದು ಅದು ಮೂರನೆಯ ಸಲ. ಹೆಡ್ ಕ್ಲರ್ಕ್ ತಲೆಯೆತ್ತಲಿಲ್ಲ. ಮೇಜು ಅದುರುವಂತೆ ಸೀಲು ಕುಟ್ಟುವ ಈಕೆಗೆ ವಿದ್ಯಾರ್ಥಿಗಳು ಸೀಲಮ್ಮ ಎಂದೇ ಹೆಸರಿಟ್ಟಿದ್ದರು. ಮೊದಲ ಸಲ ಅರ್ಜಿಯಲ್ಲಿ ತಾರೀಕಿಲ್ಲವೆಂದು, ಎರಡನೆಯ ಸಲ ಅಪ್ಪನ ಸಹಿಯಿಲ್ಲವೆಂದು ಅವಳನ್ನು ಸಾಗಹಾಕಿದವಳು ಸೀಲಮ್ಮನೇ. ಅಪ್ಪನ ಸಹಿ ಬೇಕೆಂಬ ನಿಯಮ ಎಲ್ಲೂ ಇರಲಿಲ್ಲ.

ಈ ಸಲ ಜೊತೆಗೆ ತಾಯಿಯಿದ್ದಳು. ಬಟ್ಟೆ ಹೊಲಿಯುವವಳು, ತೋಳಿಗೆ ಅಂಟಿದ ದಾರದ ತುಣುಕನ್ನೂ ಕೊಡವದೆ ಬಂದಿದ್ದಳು. ಪ್ರಾಂಶುಪಾಲರು ಇಬ್ಬರನ್ನೂ ಒಳಗೆ ಕರೆಸಿ, ನಿಲ್ಲಿಸಿಯೇ ಮಾತಾಡಿದರು. ಬೇರೆ ಊರಿನ ಚರ್ಚಾಸ್ಪರ್ಧೆಗೆ ಕರೆದೊಯ್ದ ಉಪನ್ಯಾಸಕ ಅಲ್ಲಿನ ವಸತಿಗೃಹದ ಮೆಟ್ಟಿಲಲ್ಲಿ ತನ್ನನ್ನು ಗೋಡೆಗೆ ಒತ್ತಿ ಹಿಡಿದನೆಂದು ಹುಡುಗಿ ಬರೆದಿದ್ದಳು. ಪೂರ್ತಿ ಓದುವ ಮೊದಲೇ ಅವರು ಕಾಗದವನ್ನು ಆಚೆ ಸರಿಸಿದರು.

“ಗೇಟಿನಾಚೆ ನಡೆದದ್ದಕ್ಕೆ ಕಾಲೇಜು ಏನಮ್ಮಾ ಮಾಡುತ್ತೆ?”

ಹುಡುಗಿ ಗಾಜಿನ ಕಪಾಟಿನಲ್ಲಿದ್ದ ಬಹುಮಾನಗಳತ್ತ ಕೈ ಮಾಡಿದಳು. “ಆ ಕಪ್ಪು ಅಲ್ಲೇ ಗೆದ್ದಿದ್ದು ಸರ್.”

ಮೇಷ್ಟ್ರು ಆ ಎರಡು ದಿನ ರಜೆಯಲ್ಲಿದ್ದರು, ಸ್ವಂತ ಆಸಕ್ತಿಯಿಂದ ಬಂದಿದ್ದರು ಎಂದು ಪ್ರಾಂಶುಪಾಲರು ಗಡುಸಾಗಿ ಹೇಳಿದರು.

“ರಜೆಯಲ್ಲಿದ್ದೋರ ಜೊತೆ ನನ್ನ ಮಗಳನ್ನ ಯಾಕೆ ಕಳಿಸಿದ್ರಿ, ಸ್ವಾಮಿ?” ಎಂದಳು ತಾಯಿ.

ಅವರು ಮುಖ ಗಂಟಿಕ್ಕಿ, ರಜೆ ತೋರಿಸಲು ಮೇಷ್ಟ್ರುಗಳ ಹಾಜರಿ ಪುಸ್ತಕ ತರುವಂತೆ ಸೀಲಮ್ಮನನ್ನು ಕರೆದು ಹೇಳಿದರು. ಬಾಗಿಲವರೆಗೆ ಅವಳ ಹಿಂದೆಯೇ ಬಂದು ದನಿ ತಗ್ಗಿಸಿದರು. “ಸರಿ ಮಾಡ್ಕೊಂಡು ತನ್ನಿ.”

ಬ್ಲೇಡಿನಿಂದ ಶಾಯಿ ಕೆರೆದು, ಉಗುರಿನಿಂದ ಕಾಗದ ತೀಡಿ, ಗುರುತೇ ಉಳಿಯದಂತೆ ತಿದ್ದುವುದರಲ್ಲಿ ಸೀಲಮ್ಮನದು ಪಳಗಿದ ಕೈ. ತಡವಾಗಿ ಬಂದ ಎಷ್ಟೋ ಮೇಷ್ಟ್ರುಗಳ ಮಾನವನ್ನು ಆ ಬ್ಲೇಡು ಕಾಪಾಡಿತ್ತು. ಪುಟ ತೆರೆದಳು. ಆ ಮೇಷ್ಟ್ರ ಹೆಸರಿನೆದುರು, ಆ ಎರಡು ದಿನಗಳಿಗೆ “ಕಾಲೇಜಿನ ಕೆಲಸದ ಮೇಲೆ ಹೊರಗೆ” ಎಂದು ತನ್ನದೇ ಅಕ್ಷರ.

ಮೂರು ವರ್ಷದ ಹಿಂದೆಯೂ ಒಬ್ಬಳು ಇದೇ ಮೇಷ್ಟ್ರ ಮೇಲೆ ಅರ್ಜಿ ತಂದಿದ್ದಳು. ಸೀಲಮ್ಮ ಅದನ್ನು ಯಾವ ಪುಸ್ತಕಕ್ಕೂ ಏರಿಸಲಿಲ್ಲ. ತಿಂಗಳೊಳಗೆ ಅವಳು ಕಾಲೇಜು ಬಿಟ್ಟಳು. ಅವಳ ವರ್ಗಾವಣೆ ಪತ್ರಕ್ಕೆ ಸೀಲು ಕುಟ್ಟುವಾಗ, ಸದ್ಯ ಪೀಡೆ ಕಳೆಯಿತು ಅಂದುಕೊಂಡಿದ್ದು ಈಗ ನೆನಪಾಯಿತು.

ಬ್ಲೇಡನ್ನು ಡ್ರಾಯರಿಗೆ ಹಾಕಿ, ಪುಸ್ತಕವನ್ನು ಒಯ್ದು ತಾಯಿಯ ಮುಂದೆಯೇ ಬಿಡಿಸಿಟ್ಟಳು. ತಾಯಿ ಸಾಲಿನ ಮೇಲೆ ಬೆರಳಿಟ್ಟು ಒಂದೊಂದೇ ಪದವನ್ನು ಗಟ್ಟಿಯಾಗಿ ಓದಿದಳು.

“ನಾನು ನಿಮಗೆ ಹೇಳಿದ್ದೇನು?” ಪ್ರಾಂಶುಪಾಲರು ಹಲ್ಲು ಕಚ್ಚಿ ಕೇಳಿದರು.

“ಇದನ್ನ ಬರೆದವಳು ನಾನೇ ಸರ್. ನೀವೇ ಬರೆಸಿದ್ದು.”

“ನಿವೃತ್ತಿಗೆ ಇನ್ನು ಎಂಟೇ ತಿಂಗಳು. ನಿಮ್ಮ ಕಡತ ನನ್ನ ಮೇಜು ದಾಟಿಯೇ ಹೋಗ್ಬೇಕು. ನೆನಪಿರಲಿ.”

ಸೀಲಮ್ಮ ಅವರ ಮೇಜಿನಿಂದ ಅರ್ಜಿ ಎತ್ತಿಕೊಂಡು ಹೊರಬಂದು ಅದಕ್ಕೆ ಸೀಲು ಒತ್ತಿದಳು. ಎಂದಿನ ಸದ್ದು ಬರಲಿಲ್ಲ. “ದೂರು ಸಮಿತಿಗೆ” ಎಂದು ಬರೆದು, ಬಂದ ಅರ್ಜಿಗಳನ್ನು ಏರಿಸುವ ಆವಕ ಪುಸ್ತಕದಲ್ಲಿ ಸಂಖ್ಯೆ ಹಾಕಿ, ನಕಲನ್ನು ಹುಡುಗಿಗೆ ಚಾಚಿದಳು.

ಹುಡುಗಿಯ ಮುಖ ಸಡಿಲಾಗಲಿಲ್ಲ. “ಮೊನ್ನೆ ಯಾಕೆ ತಗೊಳ್ಳಲಿಲ್ಲ?”

ಸೀಲಮ್ಮ ಆವಕ ಪುಸ್ತಕವನ್ನು ಹತ್ತಿರ ಎಳೆದುಕೊಂಡು, ಆ ಸಂಖ್ಯೆಯ ಎದುರಿನ ಖಾಲಿ ಜಾಗದಲ್ಲಿ, ಈ ಅರ್ಜಿ ಹಿಂದೆ ಎರಡು ಸಲ ಬಂದಿತ್ತು, ನಾನೇ ತೆಗೆದುಕೊಳ್ಳದೆ ಕಳಿಸಿದೆ ಎಂದು ಬರೆದು, ಪೂರ್ತಿ ಹೆಸರಿನಿಂದ ಸಹಿ ಹಾಕಿದಳು. ಓದಲು ಬರುವಂತೆ ಪುಟವನ್ನು ಹುಡುಗಿಯ ಕಡೆಗೆ ತಿರುಗಿಸಿದಳು.