ಕರೆವ್ವನ ಹಿಡಿತ

ಹಂಪಮ್ಮ ಟೀಚರ್ ಶಹಾಪುರದ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಹುಡುಗಿಯರಿಗೆ ಕಬಡ್ಡಿ ಕಲಿಸಿ ನಿವೃತ್ತರಾಗಿದ್ದರು. ಬಲ ಮೊಣಕಾಲಿನ ಆಪರೇಷನ್ ಆದಮೇಲೆ ಮೈದಾನದ ಕಡೆ ಹೋಗುವುದನ್ನೇ ಬಿಟ್ಟಿದ್ದರು. ದನಿ ಮಾತ್ರ ಹಾಗೇ ಉಳಿದಿತ್ತು. ಓಣಿಯಲ್ಲಿ ಗಾಡಿ ಅಡ್ಡ ನಿಲ್ಲಿಸಿದವರು ಆ ದನಿ ಕೇಳಿದ ಕೂಡಲೇ ಓಡಿ ಬಂದು ತೆಗೆಯುತ್ತಿದ್ದರು.

ಅಂಥವರ ಮನೆಗೆ ಒಂದು ದಿನ ಬೆಳಿಗ್ಗೆ ಸುರಪುರದಿಂದ ಅರ್ಜುಮಂದ ಬಂದಳು. ಇಪ್ಪತ್ತಾರು ವರ್ಷ, ತುಂಬಿದ ಮೈ, ದಪ್ಪ ಗಾಜಿನ ಕನ್ನಡಕ, ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ.

"ನಾ ಖಾಸಿಂಬೀ ಮಗಳ್ರಿ ಟೀಚರ್. ಇಲ್ಲೇ ಚಾಚಿ ಮನ್ಯಾಗಿದ್ದು ನಿಮ್ಮ ಸಾಲ್ಯಾಗ ಓದೀನಿ."

ಹಂಪಮ್ಮನವರಿಗೆ ನೆನಪು ಹತ್ತಲಿಲ್ಲ. ಚುರುಕಾಗಿ ಓಡುತ್ತಿದ್ದ ಹುಡುಗಿಯರ ಹೆಸರು, ಅವರವರ ಅಪ್ಪಂದಿರ ಹೆಸರು, ಯಾವ ಕಾಲು ಮುಂದಿಡುತ್ತಿದ್ದರು ಎಂಬುದೆಲ್ಲ ನೆನಪಿತ್ತು. ಈ ಮುಖ ಆ ಸಾಲಿನಲ್ಲಿ ಇರಲಿಲ್ಲ.

"ಬಾರವ್ವ, ಕುಂದ್ರು. ಏನ್ ಕೆಲಸ?"

"ಒಂದು ಆಟ ಮಾಡೀನ್ರಿ. ಟಿವಿ ಮ್ಯಾಲ ಆಡೂದು, ಕಬಡ್ಡಿ. ಖರೇ ಕಬಡ್ಡಿ ಆಗ್ಯಾದೋ ಇಲ್ಲೋ, ನೀವೇ ನೋಡಿ ಹೇಳಬೇಕು."

ಅರ್ಜುಮಂದ ಸುರಪುರದಲ್ಲಿ ಕಂಪ್ಯೂಟರಿನ ಮೇಲೆ ಅಂಗಡಿ ಬೋರ್ಡು, ಲಗ್ನಪತ್ರಿಕೆಗಳಿಗೆ ಚಿತ್ರ ಬರೆಯುವ ಕೆಲಸ ಮಾಡುತ್ತಿದ್ದಳು. ಎರಡು ವರ್ಷ, ಕೆಲಸ ಮುಗಿದ ಮೇಲಿನ ಹೊತ್ತನ್ನೆಲ್ಲ ಹಾಕಿ, ವಿಡಿಯೋ ನೋಡಿ ಕಲಿತು, ಈ ಆಟ ಕಟ್ಟಿದ್ದಳು. ಹಂಪಮ್ಮನವರ ಟಿವಿಗೆ ವಯರ್ ಸಿಕ್ಕಿಸಿ, ಕೈಯಲ್ಲಿ ಹಿಡಿದು ಆಡುವ ಎರಡು ರಿಮೋಟ್ ಹೊರತೆಗೆದಳು.

ತೆರೆಯ ಮೇಲೆ ಸುರಪುರದ ಹತ್ತಿರದ ಬೋನಾಳದ ಕೆರೆಯಂಥದೇ ಒಂದು ಕೆರೆ, ದಂಡೆಯಲ್ಲಿ ಕೆಂಪು ಮಣ್ಣಿನ ಅಂಕಣ. ಒಬ್ಬೊಬ್ಬರೇ ಆಟಗಾರರು ಬಂದು ನಿಂತರು. ಮೊಣಕಾಲಿಗೆ ಪಟ್ಟಿ ಕಟ್ಟಿದ ಕೊಕ್ಕರೆ ಬೆಳ್ಳವ್ವ, ಎದೆ ಸೆಟೆಸಿದ ಹುಂಜ ಕೆಂಚಪ್ಪ, ಅಡ್ಡಡ್ಡ ನಡೆಯುವ ಏಡಿ ಏಡೆಪ್ಪ, ಒಂದು ಕಡೆ ನಿಲ್ಲಲಾರದ ಅಳಿಲು ಚಿಟ್ಟಿ. ಕೊನೆಗೆ ಎರಡು ಜಡೆಗೆ ಕೆಂಪು ರಿಬ್ಬನ್ ಕಟ್ಟಿಕೊಂಡು, ನೆಲ ನಡುಗಿಸುತ್ತ ಬಂದವಳು ಎಮ್ಮೆ ಕರೆವ್ವ.

ಹಂಪಮ್ಮನವರು ಕನ್ನಡಕ ಏರಿಸಿಕೊಂಡರು. "ಏಳು ಮಂದಿ ಇರಬೇಕು. ಇಲ್ಲಿ ಮೂರೇ ಮಂದಿ ಒಂದೊಂದು ಕಡೆ."

"ಹೌದ್ರಿ. ಈ ಐದರಾಗ ಮೂರು ಆರಿಸ್ಕೋಬೇಕು, ಒಂದನ್ನೇ ಇಬ್ಬರೂ ತಗೋಬಹುದು."

"ಕೋಳಿ ಕಬಡ್ಡಿ ಆಡ್ತದೇನ?"

"ನನ್ನ ಆಟದಾಗ ಆಡ್ತದ್ರಿ. ಉಸಿರು ಹಿಡಿಯೂದ್ರಾಗ ಹುಂಜನ್ನ ಮೀರಿಸವರಿಲ್ಲ. ಏಡೆಪ್ಪ ಅಡ್ಡಡ್ಡನೇ ಹೋಗ್ತಾನ, ಆದ್ರ ಕಾಲು ಹಿಡದ್ರ ಬಿಡಂಗಿಲ್ಲ. ಬೆಳ್ಳವ್ವ ದೂರದಿಂದ ಮುಟ್ತಾಳ, ಒಂದು ತಳ್ಳು ತಳ್ಳಿದ್ರ ಬೀಳ್ತಾಳ."

"ಟಿವ್ಯಾಗ ಮನಶ್ಯಾರ ಆಟನ ಬರ್ತಾವಲ್ಲ, ಥೇಟ್ ಖರೇ ಮೈದಾನ ಇದ್ದಂಗ. ಹಂಗ ಮಾಡಬೇಕಿತ್ತು."

ಅರ್ಜುಮಂದ ತಡವರಿಸಲಿಲ್ಲ. ಈ ಪ್ರಶ್ನೆಯನ್ನು ಎರಡು ವರ್ಷದಿಂದ ಕೇಳಿಸಿಕೊಂಡವಳು.

"ಅವು ಭಾಳ ಅದಾವ್ರಿ ಟೀಚರ್. ಅದರಾಗ ಬೆವರು ಸೈತ ಕಾಣ್ತದ. ಆದ್ರ ಆಡಾಕ ಹನ್ನೆರಡು ಬಟನ್ ಕಲೀಬೇಕು. ಅಷ್ಟರಾಗ ನಮ್ಮ ಅಮ್ಮಿ ಎದ್ದು ಹೋಗಿರ್ತಾಳ. ನಂದ್ರಾಗ ಎರಡೇ ಬಟನ್. ಒಂದು ಮುಟ್ಟಾಕ, ಒಂದು ಹಿಡಿಯಾಕ. ಕೊಕ್ಕರಿ ಕಾಲು ನೋಡಿದ ಕೂಡ್ಲೇ ಇದು ಏನ್ ಮಾಡ್ತದ ಅಂತ ಯಾರಿಗ್ಯಾದ್ರೂ ತಿಳೀತದ. ನಾ ಬಾಜೂಕ ಕುಂತು ಹೇಳಿ ಕೊಡೂದು ಬ್ಯಾಡ. ಆಡ್ರಿ ನೀವು."

ಹಂಪಮ್ಮನವರು ಆಡಿದರು. ಒಂದು ಪಂದ್ಯಕ್ಕೆ ಮೂರು ನಿಮಿಷ. ಮೊದಲನೆಯದು ಸೋತರು, ಎರಡನೆಯದೂ ಸೋತರು. ಮೂರನೆಯದರಲ್ಲಿ ಬೆಳ್ಳವ್ವನ ಉದ್ದ ಕಾಲು ಅರ್ಜುಮಂದಳ ಹುಂಜದ ಪುಕ್ಕಕ್ಕೆ ತಾಗಿತು. ಪುಕ್ಕ ಉದುರಿ, ಹುಂಜ ನಾಚಿಕೊಂಡು ಓಡಿತು. ಮೂವತ್ತೊಂದು ವರ್ಷ ಮೈದಾನದಲ್ಲಿ ನಗದ ಹಂಪಮ್ಮನವರು ಗೊಳ್ಳೆಂದು ನಕ್ಕುಬಿಟ್ಟರು. ಆಮೇಲೆ ಗಂಭೀರವಾಗಿ, "ಇನ್ನೊಂದು ಹಚ್ಚು" ಎಂದರು.

ಒಂಬತ್ತು ಪಂದ್ಯಗಳಾದ ಮೇಲೆ ಅವರು ರಿಮೋಟ್ ಕೆಳಗಿಟ್ಟು ತೀರ್ಪು ಹೇಳಿದರು. "ಛಲೋ ಅದ. ಕಬಡ್ಡಿ ಜೀವ ಅದ ಇದರಾಗ. ಆದ್ರ ಆ ಎಮ್ಮಿ ತೆಗಿ. ಓಡಾಕ ಬರಲ್ಲ, ಮುಟ್ಟಾಕ ಬರಲ್ಲ. ಒಂಬತ್ತು ಸಲಕ್ಕ ಒಂದ್ಸಲಾನೂ ನಾ ಆಕಿನ್ನ ತಗೊಂಡಿಲ್ಲ, ನೀನೂ ತಗೊಂಡಿಲ್ಲ."

 ಅರ್ಜುಮಂದ ಟಿವಿಯ ಕಡೆ ನೋಡುತ್ತ ಮೆಲ್ಲಗೆ ಹೇಳಿದಳು.

"ಕರೆವ್ವನ್ನ ತೆಗ್ಯಂಗಿಲ್ರಿ. ಮೂರು ವರ್ಷ ದಿನಾ ಪ್ರ್ಯಾಕ್ಟೀಸಿಗೆ ಬಂದೀನ್ರಿ ನಾ. ನೀರಿನ ಕೊಡ, ಎಲ್ಲಾರ ಚಪ್ಪಲಿ ಕಾಯ್ಕೋತ ಗೆರಿ ಹೊರಗ ಕುಂದರ್ತಿದ್ದೆ. ಒಮ್ಮೆನೂ ಒಳಗ ಕರೀಲಿಲ್ಲ ನೀವು. ಕರೆವ್ವ ಅಂದ್ರ ನಾನೇ ರೀ. ಈಕಿನ್ನ ಹೊರಗ ಕೂಡಿಸಾಕ ನನ್ನ ಕೈಲೆ ಆಗಂಗಿಲ್ಲ. ಏನ್ ಕಲಿಸಬೇಕು ಅನ್ನೂದು ತಿಳೀವಲ್ದು, ಅದಕ್ಕ ನಿಮ್ಮಲ್ಲಿಗೆ ಬಂದೀನಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಹಂಪಮ್ಮನವರಿಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ಈಗ ನೆನಪಾಯಿತು. ಗೆರೆಯಾಚೆ, ಬೇವಿನ ಗಿಡದ ಕೆಳಗೆ, ದಪ್ಪ ಕನ್ನಡಕದ ಒಂದು ಮುಖ. ಹೆಸರು ಕೇಳಿದ್ದೇ ಇಲ್ಲ. "ಏ, ನೀರ ತಾ" ಎಂದಷ್ಟೇ ಕರೆಯುತ್ತಿದ್ದರು.

ಅವರು ಎದ್ದು ನಿಂತರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಏಳು. ಆ ಮೂಲ್ಯಾಗ ನಿಲ್ಲು. ಕಾಲು ಅಗಲ ಇಡು. ಓಡಬ್ಯಾಡ. ನಾ ಬಂದು ಮುಟ್ತೀನಿ. ಮುಟ್ಟಿ ಹೊಳ್ಳತೀನಿ ನೋಡು, ಆಗ ಅರ್ಧ ಹೆಜ್ಜಿ ಬಲಕ್ಕ ಇಟ್ಟು ನಿಂತಬಿಡು."

"ನಿಮ್ಮ ಕಾಲು ಟೀಚರ್..."

"ನನ್ನ ಕಾಲಿನ ಚಿಂತಿ ನನಗ ಬಿಡು."

ಹಂಪಮ್ಮನವರು ಕುಂಟುತ್ತಲೇ ಬಂದು ಅವಳ ಭುಜ ಮುಟ್ಟಿ ಹಿಂದಿರುಗಿದರು. ಅರ್ಜುಮಂದ ಅರ್ಧ ಹೆಜ್ಜೆ ಇಟ್ಟು ನಿಂತಳು. ಟೀಚರ್ ಅವಳ ಮೈಗೆ ಬಡಿದು ಅಲ್ಲೇ ನಿಂತರು. ಆ ಕಡೆಯಿಂದ ನುಸುಳಲು ನೋಡಿದರು, ಈ ಕಡೆಯಿಂದ ನೋಡಿದರು. ದಾರಿಯೇ ಇರಲಿಲ್ಲ.

"ನೋಡಿದ್ಯಾ? ಭಾರ ಇದ್ದಾಕಿ ಬೆನ್ನು ಹತ್ತಬಾರ್ದು, ದಾರಿ ಮುಚ್ಚಬೇಕು. ಮೊದ್ಲ ಹೆಜ್ಜಿ ಇಟ್ರ ರೇಡರ್ ಬಾಜೂಲೆ ಹೋಗ್ತಾಳ, ತಡಾ ಮಾಡಿದ್ರ ಪಾರಾಗ್ತಾಳ. ಆ ಒಂದು ಗಳಿಗಿ ಸಿಗಬೇಕು. ಸಿಕ್ತೋ, ಎಂಥಾ ರೇಡರ್ ಇದ್ರೂ ಔಟ್."

"ಇದನ್ನ ಆಗ ಯಾಕ ಹೇಳಲಿಲ್ರಿ?"

ಹಂಪಮ್ಮನವರು ಮೊಣಕಾಲು ತಿಕ್ಕಿಕೊಳ್ಳುತ್ತ ಕುರ್ಚಿಗೆ ಕುಳಿತರು. "ಆಗ ನಾ ನಿನ್ನ ಕಡೆ ನೋಡೇ ಇಲ್ಲವ್ವ. ತಪ್ಪು ನಂದು." ಆಮೇಲೆ ಟಿವಿಯ ಕಡೆ ಕೈ ಮಾಡಿ, "ಗಳಿಗಿ ತಪ್ಪಿದ್ರ ಎಮ್ಮಿ ಧಡ್ ಅಂತ ಕುಂದ್ರಬೇಕು, ಆ ಏಟಿಗೆ ಆಕಿ ಕಡೆ ಮಂದಿನೂ ಬೀಳಬೇಕು. ಇಲ್ಲಂದ್ರ ಭಾಳ ಸರಳ ಆಗ್ತದ" ಎಂದರು.

ಎರಡು ವಾರ ಕುಳಿತು ಅರ್ಜುಮಂದ ಆ ಅರ್ಧ ಹೆಜ್ಜೆಯನ್ನು ಆಟಕ್ಕೆ ಸೇರಿಸಿದಳು. ಫೋನಿನಲ್ಲಿ ದಿನವೂ ಜಗಳ. ಅಷ್ಟು ಬೇಗ ಬ್ಯಾಡ ಎಂದು ಟೀಚರ್, ತಡ ಆದರೆ ಮಜಾ ಬರಲ್ಲ ಎಂದು ಅವಳು. ಕೊನೆಗೊಂದು ಶನಿವಾರ ಇಬ್ಬರೂ ಒಪ್ಪಿದರು. ಮರುದಿನವೇ ಇಬ್ಬರೂ ಬಸ್ಸು ಹತ್ತಿ ಯಾದಗಿರಿಗೆ ಹೋದರು.

ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ, ಅರ್ಜುಮಂದಳಿಂದ ಬೋರ್ಡು ಬರೆಸಿಕೊಂಡಿದ್ದ ಮುಜಫರನ ಗೇಮ್ ಅಂಗಡಿ. ಐದು ಟಿವಿ, ಐದು ಸೋಫಾ, ಕಾಲೇಜು ಹುಡುಗರ ಗದ್ದಲ. ಫುಟ್‌ಬಾಲ್ ಮತ್ತು ಕ್ರಿಕೆಟ್ ಬಿಟ್ಟು ಅಲ್ಲಿ ಬೇರೇನೂ ಓಡುತ್ತಿರಲಿಲ್ಲ.

ಮುಜಫರ ಲ್ಯಾಪ್‌ಟಾಪಿನಲ್ಲಿ ಕರೆವ್ವನನ್ನು ನೋಡಿ ಬೇಡವೆಂದು ತಲೆಯಾಡಿಸಿದ. "ಅರ್ಜುಮಂದ, ಚಿತ್ರ ಛಲೋ ಬರದೀದಿ ಬೇಟಾ. ಆದ್ರ ಇಲ್ಲಿ ಬರೋರಿಗೆ ಖರೇ ಮೈದಾನ, ಖರೇ ಆಟಗಾರರು ಬೇಕು. ಎಮ್ಮಿ ಕೋಳಿ ಯಾರ್ ಆಡ್ತಾರ?"

"ಒಂದು ಟಿವಿ ಕೊಡ್ರಿ ಭಾಯಿ. ನಾಲ್ಕು ಗಂಟೆ ತನಕ. ಸೋಫಾ ಖಾಲಿ ಬಿತ್ತು ಅಂದ್ರ ನಾನೇ ವಯರ್ ಕಿತ್ತಕೊಂಡು ಹೋಗ್ತೀನಿ."

ಅವಳ ಮಾತಿನ ಧೈರ್ಯ ನೋಡಿ ಮುಜಫರ ಬಾಗಿಲ ಹತ್ತಿರದ ಟಿವಿ ಬಿಟ್ಟುಕೊಟ್ಟ. ಮೊದಲು ಯಾರೂ ಹತ್ತಿರ ಸುಳಿಯಲಿಲ್ಲ. ಕೊನೆಗೆ ನವಾಜ್ ಎಂಬ ಹುಡುಗ ಎದ್ದು ಬಂದ. ಡಿಗ್ರಿ ಕೊನೆಯ ವರ್ಷದವನು, ಆ ಅಂಗಡಿಯಲ್ಲಿ ಫುಟ್‌ಬಾಲ್ ಆಟದಲ್ಲಿ ಅವನನ್ನು ಸೋಲಿಸಿದವರಿರಲಿಲ್ಲ. ಗೆಳೆಯರಿಗೆ ಕಣ್ಣು ಹೊಡೆದು, "ಯಾರ್ ಆಡ್ತೀರಿ ನನ್ನ ಕೂಡ?" ಎಂದ.

"ನಾನು," ಎಂದರು ಹಂಪಮ್ಮ ಟೀಚರ್.

ಅಂಗಡಿಯಲ್ಲಿ ನಗೆ ಎದ್ದಿತು. ನವಾಜ್ ಅಳಿಲು, ಹುಂಜ, ಕೊಕ್ಕರೆ ಆರಿಸಿಕೊಂಡ. ಹಂಪಮ್ಮನವರು ಏಡಿ, ಕೊಕ್ಕರೆ, ಮೂಲೆಯಲ್ಲಿ ಕರೆವ್ವ. ಅರ್ಧ ನಿಮಿಷದಲ್ಲಿ ನವಾಜನಿಗೆ ಎರಡು ಬಟನ್ ಕೈವಶವಾದವು. ಮಿಂಚಿನಂತೆ ಬಂದು ಮುಟ್ಟುವ ಚಿಟ್ಟಿಯನ್ನು ತಡೆಯಲು ಯಾರಿಗೂ ಆಗಲಿಲ್ಲ. ಎರಡು ನಿಮಿಷ ಮುಗಿಯುವಷ್ಟರಲ್ಲಿ ಅವನದು ಒಂಬತ್ತು, ಟೀಚರದು ನಾಲ್ಕು. ನಗೆ ಇನ್ನೂ ನಿಂತಿರಲಿಲ್ಲ.

ಟೀಚರ್ ಇಷ್ಟು ಹೊತ್ತೂ ಅಳಿಲಿನ ಬಾಲವನ್ನೇ ನೋಡುತ್ತಿದ್ದರು. ಹಿಂದಿರುಗುವ ಮುಂಚೆ ಬಾಲ ಒಮ್ಮೆ ನಿಮಿರುತ್ತಿತ್ತು.

ಚಿಟ್ಟಿ ಮತ್ತೆ ಬಂತು. ಕರೆವ್ವನ ಕಾಲು ಮುಟ್ಟಿತು. ಬಾಲ ನಿಮಿರಿತು. ಟೀಚರ್ ಬಟನ್ ಒತ್ತಿದರು. ಕರೆವ್ವ ಅರ್ಧ ಹೆಜ್ಜೆ ಬಲಕ್ಕಿಟ್ಟು ನಿಂತಳು. ಅಳಿಲು ಅವಳ ಹೊಟ್ಟೆಗೆ ಬಡಿದು ಚೆಂಡಿನಂತೆ ಪುಟಿದು ಕೆರೆಗೆ ಬಿತ್ತು. ನೀರು ತೆರೆಯ ತುಂಬ ಸಿಡಿಯಿತು.

 ಐದೂ ಸೋಫಾಗಳ ಹುಡುಗರು ಒಮ್ಮೆಲೇ ಕೂಗಿದರು.

ನವಾಜ್ ಹುಂಜವನ್ನು ಕಳಿಸಿದ. ಅದೂ ಕೆರೆಗೆ. ಕೊಕ್ಕರೆ ಕಳಿಸಿದ. ಅದೂ ಕೆರೆಗೆ. ಮೂವರೂ ಔಟಾದದ್ದಕ್ಕೆ ಸಿಗುವ ಹೆಚ್ಚಿನ ಅಂಕ ಸೇರಿ ಒಂಬತ್ತಕ್ಕೆ ಒಂಬತ್ತು. ಕೊನೆಯ ಐದು ಸೆಕೆಂಡಿನಲ್ಲಿ ಏಡೆಪ್ಪ ಅಡ್ಡಡ್ಡ ಹೋಗಿ, ಮತ್ತೆ ಅಂಕಣಕ್ಕೆ ಮರಳಿದ್ದ ಅಳಿಲಿನ ಬಾಲ ಮುಟ್ಟಿ ಬಂದ. ಹಂಪಮ್ಮ ಟೀಚರ್ ಗೆದ್ದರು.

"ಇನ್ನೊಂದು ಟೀಚರ್," ಎಂದ ನವಾಜ್. ಈಗ ಅವನು ಯಾರಿಗೂ ಕಣ್ಣು ಹೊಡೆಯಲಿಲ್ಲ. "ಈ ಸಲ ಕರೆವ್ವ ನಂಗ."

ಎರಡನೆಯದರಲ್ಲಿ ಅವನು ಗಳಿಗೆ ತಪ್ಪಿಸಿದಾಗ ಕರೆವ್ವ ಧಡ್ಡೆಂದು ಕುಳಿತು, ಅವನ ಹುಂಜವೂ ಕೊಕ್ಕರೆಯೂ ಮೇಲಕ್ಕೆ ಹಾರಿ ಬಿದ್ದವು. ಸೋಲುತ್ತಿದ್ದವನೇ ಎಲ್ಲರಿಗಿಂತ ಜೋರಾಗಿ ನಕ್ಕ. ನಗುತ್ತಲೇ ಕಲಿತು, ಆ ಪಂದ್ಯ ಗೆದ್ದ.

ಮೂರನೆಯದಕ್ಕೆ ಅವರಿಬ್ಬರಿಗೂ ಜಾಗ ಸಿಗಲಿಲ್ಲ, ಉಳಿದವರು ಸೋಫಾಕ್ಕೆ ಮುತ್ತಿದ್ದರು. ರೈಲಿಗೆ ಹೊತ್ತಿದೆಯೆಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದ ಗುರುದೇವಿ ಎಂಬ ಹೆಂಗಸು, "ನಾ ಒಂದ್ಸಲ ನೋಡ್ಲೇನ್ರಿ?" ಎಂದು ಗಂಡನ ಕೈಗೆ ಚೀಲ ಕೊಟ್ಟು ಸೋಫಾಕ್ಕೆ ಬಂದಳು. ಆ ಅಂಗಡಿಯ ಹೊಸ್ತಿಲು ದಾಟಿದ ಮೊದಲ ಹೆಂಗಸರೆಂದರೆ ಆ ದಿನದ ಈ ಮೂವರೇ. ಗುರುದೇವಿ ಏಡೆಪ್ಪನಿಂದ ಕಾಲು ಹಿಡಿಸಿ, ಬಿಡದೆ ಇಬ್ಬರು ಕಾಲೇಜು ಹುಡುಗರನ್ನು ಸೋಲಿಸಿದಳು. ಗಂಡ ರೈಲಿನ ಹೊತ್ತು ನೆನಪಿಸಿದರೆ, "ನಿಲ್ರಿ, ಇವನ ಉಸಿರು ಮುಗ್ಯಾಕ ಬಂದದ" ಎಂದಳು.

ನಾಲ್ಕು ಗಂಟೆ ಹೊಡೆದದ್ದು ಯಾರಿಗೂ ಗೊತ್ತಾಗಲಿಲ್ಲ. ಐದಕ್ಕೆ ಮುಜಫರ ಬೆವರೊರೆಸಿಕೊಳ್ಳುತ್ತ ಅರ್ಜುಮಂದಳ ಬಳಿ ಬಂದ. "ಆಟ ಇರ್ಲಿ ಬೇಟಾ. ಒಂದೇ ಮಾತು. ಆ ಎಮ್ಮಿ ಬದ್ಲಿ ಒಬ್ಬ ಪೈಲ್ವಾನನ್ನ ಹಾಕು, ಇನ್ನೂ ಓಡ್ತದ."

ಅರ್ಜುಮಂದ ಬಾಯಿ ತೆರೆಯುವ ಮೊದಲೇ ನವಾಜ್ ಹಿಂದಿನಿಂದ ಕೂಗಿದ. "ಕರೆವ್ವ ಹೋದ್ರ ನಾ ಈ ಅಂಗಡಿಗೆ ಬರಂಗಿಲ್ಲ ಭಾಯಿ!"

ಅರ್ಜುಮಂದ ನಕ್ಕಳು. "ಪೈಲ್ವಾನ ನೆಲಕ್ಕ ಬಿದ್ರ ಮಂದಿ ಅಯ್ಯೋ ಅಂತಾರ. ಕರೆವ್ವ ಬಿದ್ರ ಬಿದ್ದಾಕಿನೂ ನಗ್ತಾಳ, ಕೆಡವಿದಾಕಿನೂ ನಗ್ತಾಳ. ಅದಕ್ಕ ಸೋತವ್ರು ಎದ್ದು ಹೋಗಾಕತ್ತಿಲ್ಲ, ನೋಡ್ರಿ ನೀವೇ."

ಮುಜಫರ ನೋಡಿದ. ಸೋತ ಇಬ್ಬರು ಸೋಫಾದ ಹಿಂದೆ ನಿಂತು ಗೆದ್ದವನಿಗೆ ಯಾವಾಗ ಒತ್ತಬೇಕೆಂದು ಹೇಳಿಕೊಡುತ್ತಿದ್ದರು. ಅವನು ಮತ್ತೆ ಪೈಲ್ವಾನನ ಮಾತೆತ್ತಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಆಟ ಶಹಾಪುರ, ಸುರಪುರ, ಗುರುಮಠಕಲ್‌ನ ಅಂಗಡಿಗಳಿಗೂ ಬಂತು. ಹಂಪಮ್ಮನವರು ಶನಿವಾರಗಳಲ್ಲಿ ಮತ್ತೆ ಹೈಸ್ಕೂಲಿನ ಮೈದಾನಕ್ಕೆ ಹೋಗತೊಡಗಿದರು. ಅಂಕಣದ ಹುಡುಗಿಯರನ್ನು ಹೊಸ ಟೀಚರಿಗೆ ಬಿಟ್ಟು, ಗೆರೆಯಾಚೆ ಕುಳಿತವರನ್ನು ಹೆಸರು ಕೇಳಿ ಕರೆಯುತ್ತಿದ್ದರು.

ಅಷ್ಟರಲ್ಲಿ ಗುರುಮಠಕಲ್‌ನಿಂದ ಒಂದು ತಕರಾರು ಬಂತು. ನಮ್ಮ ಕಡೆ ರೇಡಿಗೆ ಹೋಗುವಾಗ ಕಬಡ್ಡಿ ಕಬಡ್ಡಿ ಅನ್ನುವುದಿಲ್ಲ, ಚೆಡುಗುಡು ಚೆಡುಗುಡು ಅನ್ನುತ್ತೇವೆ, ಹುಂಜ ಹಾಗೇ ಕೂಗಲಿ ಎಂದು ಅಲ್ಲಿಯವರ ಬೇಡಿಕೆ. ಆಟದ ಹುಂಜಕ್ಕೆ ಆ ಕೂಗು ರೆಕಾರ್ಡ್ ಮಾಡಿಕೊಳ್ಳಲು ಅರ್ಜುಮಂದ ಮೈಕು ತೆಗೆದುಕೊಂಡು ಟೀಚರ್ ಜೊತೆ ಹೋದಳು. ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವ ಹಣಮಂತಮ್ಮ ಎಂಬಾಕೆ ಸಣ್ಣವಳಿದ್ದಾಗ ಊರಿಗೇ ಉದ್ದ ಉಸಿರಿನವಳಂತೆ. ಆಕೆ ಹೂಬುಟ್ಟಿ ಬದಿಗಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು, ಒಮ್ಮೆ ಉಸಿರೆಳೆದುಕೊಂಡು ಶುರುಮಾಡಿದಳು. ಚೆಡುಗುಡು ಚೆಡುಗುಡು ಚೆಡುಗುಡು. ಹಂಪಮ್ಮನವರು ಗಡಿಯಾರ ಹಿಡಿದು ನಿಂತರು. ಇಪ್ಪತ್ತು ಸೆಕೆಂಡು. ಮೂವತ್ತು. ಹೊರಡಬೇಕಿದ್ದ ಬಸ್ಸಿನ ಕಂಡಕ್ಟರ್ ಸೀಟಿ ಬಾಯಲ್ಲಿಟ್ಟವನು ಊದದೆ ನಿಂತ. ನಲವತ್ತು ದಾಟಿದಾಗ ಬಸ್ಸಿನ ಕಿಟಕಿಗಳಿಂದ ಜನ ಹೊರಗೆ ಬಾಗಿದ್ದರು. ಹಣಮಂತಮ್ಮ ಒಂದು ಕೈಯಿಂದ ಅರ್ಜುಮಂದಳ ಭುಜ ಹಿಡಿದುಕೊಂಡು, ಕಣ್ಣು ಮುಚ್ಚಿ, ಇನ್ನೂ ಹೇಳುತ್ತಲೇ ಇದ್ದಳು.