ಆಕಳಿಸಿದವನ ಚಪ್ಪಾಳೆ

ಇದು ನಿಜವಾಗಿ ನಡೆದದ್ದು. ನಂಬಿಕೆ ಬಾರದಿದ್ದರೆ ಪ್ಯಾರಿಸ್ಸಿನ ಯಾವ ರಂಗಮಂದಿರದ ವಾದ್ಯಗಾರರನ್ನಾದರೂ ಕೇಳಿ. ಅವರು ಉಪ್ಪು ಖಾರ ಎರಡೂ ಹಚ್ಚಿ ಹೇಳುತ್ತಾರೆ, ನಾನು ಬರೀ ಉಪ್ಪು ಹಚ್ಚುತ್ತೇನೆ.

ಅನ್ಸೆಲ್ಮ್ ಕೂರ್ತವೆಲ್ ಮೊದಲು ಪ್ವಾತಿಯೆ ಎಂಬ ಊರಿನ ಇಗರ್ಜಿಯಲ್ಲಿ ಆರ್ಗನ್ ನುಡಿಸುತ್ತಿದ್ದ. ಪ್ರಾರ್ಥನಾಗೀತೆಗಳಿಗೆ ಅವನು ಸೇರಿಸಿದ ಕುಣಿತ ಎಷ್ಟಿತ್ತೆಂದರೆ ಮುದುಕಿಯರ ಜಪಮಾಲೆ ತಾಳ ಹಾಕತೊಡಗಿತು. ಪಾದ್ರಿ ಅವನನ್ನು ಹರಸಿ ಪ್ಯಾರಿಸ್ಸಿಗೆ ಕಳಿಸಿದರು, ಅಂದರೆ ಓಡಿಸಿದರು. ಇಲ್ಲಿ ಅವನು ಆಪರೆಟ್ಟಾಗಳಿಗೆ ಸಂಗೀತ ಕಟ್ಟಿದ. ಅರ್ಧ ಹಾಡು, ಅರ್ಧ ಮಾತು, ಪೂರ್ತಿ ತಮಾಷೆಯ ಆ ನಾಟಕಗಳಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಗಾಡಿ ಹೊಡೆಯುವವರು ಕುದುರೆಗಳಿಗೂ ಅವನ ರಾಗವನ್ನೇ ಶಿಳ್ಳೆ ಹಾಕಿ ಕೇಳಿಸುತ್ತಿದ್ದರು. ನಾನು ಅವನ ಮೇಳದಲ್ಲಿ ಪಿಟೀಲಿನ ದಪ್ಪ ಅಣ್ಣನಾದ ವಯೋಲಾ ನುಡಿಸುತ್ತಿದ್ದೆ.

ಆಮೇಲೆ ಥಿಯೋಡುಲ್ ಬ್ರಾಕ್ ಆಕಳಿಸಿದ.

ಬ್ರಾಕ್ ಪತ್ರಿಕೆಯ ವಿಮರ್ಶಕ. ಅವನು ಹುಬ್ಬು ಗಂಟಿಕ್ಕಿದರೆ ನಾಟಕಕ್ಕೆ ಗಂಟುಮೂಟೆ. ಕೂರ್ತವೆಲ್‌ನ ಹೊಸ ನಾಟಕದ ಎರಡನೇ ಅಂಕದಲ್ಲಿ ನಾಯಕಿ ವಾಲ್ಟ್ಜ್ ಎಂಬ ಸುತ್ತುಕುಣಿತದ ಹಾಡು ಹಾಡುತ್ತಿದ್ದಾಗ, ಗಣ್ಯರ ಬಾಕ್ಸಿನಲ್ಲಿ ಕುಳಿತಿದ್ದ ಈ ಮಹಾನುಭಾವ ಸದ್ದು ಮಾಡಿ ಬಾಯಿ ತೆರೆದ. ಆಕಳಿಕೆಗೆ ಮಂದೆ ಕೂಡುವುದು ಎಷ್ಟು ಹೊತ್ತು? ಪಕ್ಕದ ಬಾಕ್ಸು, ಕೆಳಗಿನ ಸಾಲು, ಕಡೆಗೆ ತಾರಕದಲ್ಲಿದ್ದ ನಾಯಕಿಯೇ ಆಕಳಿಸಿದಳು. ಜನ ನಗಬಾರದ ಜಾಗದಲ್ಲಿ ನಕ್ಕರು. ಮರುದಿನ ಬ್ರಾಕ್ ಪತ್ರಿಕೆಯಲ್ಲಿ, ಕೂರ್ತವೆಲ್ ಸತ್ತು ಎಷ್ಟೋ ಕಾಲವಾಯಿತು, ಅವನಿಗೆ ಅದನ್ನು ತಿಳಿಸುವವರಿಲ್ಲ ಎಂದು ಬರೆದ. ಒಂದೊಂದಾಗಿ ರಂಗಮಂದಿರಗಳು ಅವನಿಗೆ ಬಾಗಿಲು ಮುಚ್ಚಿದವು. ಕೂರ್ತವೆಲ್ ಒಂದು ನೃತ್ಯಶಾಲೆಯಲ್ಲಿ ಪಿಯಾನೋ ಕುಟ್ಟುವ ಕೆಲಸಕ್ಕೆ ಬಿದ್ದ.

ಒಂದು ಮಧ್ಯಾಹ್ನ ಈರುಳ್ಳಿ ಸೂಪಿನ ಮುಂದೆ ಕೂತು ನನಗೆ ಹೇಳಿದ: "ನಾನು ಬದುಕಿದೀನಿ ಅಂತ ಅವನ ಬಾಯಿಂದ್ಲೇ ಹೇಳಿಸ್ತೀನಿ ಕಣಯ್ಯ. ಊರೆಲ್ಲ ಕೇಳೋ ಹಾಗೆ."

"ಹೇಗೆ ಮೇಷ್ಟ್ರೇ, ಕತ್ತು ಹಿಸುಕಿ?"

"ಹಿಸುಕಿದ್ರೆ ಸ್ವರ ಕೆಡುತ್ತೆ."

ನಮ್ಮ ಊರಿನಲ್ಲಿ ಮೊದಲ ಪ್ರದರ್ಶನದ ಭಿತ್ತಿಪತ್ರದಲ್ಲಿ ಬರೆದವರ ಹೆಸರು ಹಾಕುವುದಿಲ್ಲ. ನಾಟಕ ಗೆದ್ದರೆ, ಪರದೆ ಬಿದ್ದ ಮೇಲೆ ಮುಖ್ಯ ನಟ ಮುಂದೆ ಬಂದು ತಲೆಬಾಗಿ ಹೆಸರು ಸಾರುತ್ತಾನೆ. ಅಷ್ಟರಲ್ಲಿ ಅದು ಎಲ್ಲರಿಗೂ ಗೊತ್ತಿರುವ ಗುಟ್ಟಾಗಿರುತ್ತದೆ. ಕೂರ್ತವೆಲ್ ಈ ಸಲ ಅದನ್ನು ನಿಜವಾದ ಗುಟ್ಟಾಗಿಸಿದ. ಸಣ್ಣದೊಂದು ರಂಗಮಂದಿರದ ಒಡೆಯನೂ ಮುಖ್ಯ ನಟನೂ ಆಗಿದ್ದ ಪ್ಲಾಸಿದ್ ಹೊಸ ನಾಟಕವನ್ನು ಆಡಲು ಒಪ್ಪಿದ. ಆದರೆ ಎರಡನೇ ಅಂಕಕ್ಕೆ ಕೂರ್ತವೆಲ್ ಬ್ರಾಕ್ ಆಕಳಿಸಿದ್ದ ಅದೇ ವಾಲ್ಟ್ಜ್ ಹಾಕಿದಾಗ ಮಾತ್ರ ಬೆವರಿದ. ಮಾತು ಬೇರೆ, ನಡಿಗೆ ಒಂಚೂರು ಚುರುಕು, ಉಳಿದಂತೆ ಸ್ವರಕ್ಕೆ ಸ್ವರ ಅದೇ. ಬ್ರಾಕ್ ಗುರುತು ಹಿಡಿದುಬಿಟ್ಟರೆ ಏನು ಗತಿ ಎಂದು ಗೋಗರೆದ.

"ಹಿಡಿದ್ರೆ ನಾನು ಸತ್ತಿರೋದು ನಿಜ ಅಂತಾಯ್ತು. ಕುಣಿಯೋ ಮಕ್ಕಳ ಹತ್ರ ವಾಪಸ್ ಹೋಗ್ತೀನಿ. ಹಿಡೀದೇ ಇದ್ರೆ ಅವನ ಕಥೆ ನೋಡು," ಎಂದ ಕೂರ್ತವೆಲ್. ಆ ದನಿಯಲ್ಲಿ ತಾಳವಿತ್ತು, ತಾಳ್ಮೆಯಿರಲಿಲ್ಲ.

ಉಳಿದ ಕೆಲಸ ನನ್ನ ಪಾಲಿಗೆ ಬಂತು. ವಯೋಲಾ ನುಡಿಸುವವನ ಮುಖವನ್ನು ಯಾರು ತಾನೇ ನೋಡಿರುತ್ತಾರೆ? ಬ್ರಾಕ್ ಕೂರುವ ಕೆಫೆಗೆ ಹೋಗಿ ಪಕ್ಕದ ಮೇಜಿನಲ್ಲಿ ನಾಚಿಕೊಂಡು ಕೂತೆ. ಬೆಲ್ಜಿಯಂನ ಬ್ರಸೆಲ್ಸಿನ ಮಾತಿನ ಧಾಟಿ ನನ್ನ ನಾಲಿಗೆಗೆ ಬೆಣ್ಣೆ. ಮಾತಿಗೆ ಮಾತು ಬೆಳೆದು, ಯಾವ ಊರು, ಏನು ಕೆಲಸ ಎಂದು ಬ್ರಾಕ್ ಕೇಳಿದ. ಬ್ರಸೆಲ್ಸು, ಸಂಗೀತ ಬರೀತೀನಿ ಎಂದೆ. ಪ್ಲಾಸಿದ್‌ನ ಹೊಸ ನಾಟಕ ನಿನ್ನದೇನಯ್ಯ ಎಂದು ಕಣ್ಣು ಕಿರಿದು ಮಾಡಿದ. ನಾನು ಬೂಟಿನ ತುದಿ ನೋಡಿದೆ.

"ಹೆಸರು ಕೇಳಬ್ಯಾಡ್ರಿ ಸಾಹೇಬ್ರ. ಮೊದಲ್ನೇ ಆಟ ಮುಗಿಯೂತನಾ ಹೇಳಬಾರದಂತ ನಿಮ್ಮೂರಾಗ ಪದ್ಧತಿ ಐತಲ್ರೀ."

ಅಷ್ಟು ಸಾಕಾಯಿತು. ಹೊಸಬನನ್ನು ಕಂಡುಹಿಡಿದ ಕೀರ್ತಿ ಯಾವ ವಿಮರ್ಶಕನಿಗೆ ಕಹಿ? ಬ್ರಾಕ್ ಊರಿಡೀ ಬೆಲ್ಜಿಯಂ ಪ್ರತಿಭೆಯ ಸುದ್ದಿ ಹಂಚಿದ.

ಮೊದಲ ಪ್ರದರ್ಶನದ ದಿನ ಮಂದಿರ ತುಂಬಿತ್ತು. ವಾಲ್ಟ್ಜ್ ಶುರುವಾಯಿತು. ಬಾಕ್ಸಿನಲ್ಲಿ ಬ್ರಾಕ್ ಮುಂದಕ್ಕೆ ಬಾಗಿದ, ಬಾಯಿ ತೆರೆದ, "ಇನ್ನೊಮ್ಮೆ!" ಎಂದು ಕೂಗಿದ. ನಾಯಕಿ ಮತ್ತೆ ಹಾಡಿದಳು. ಅವನು ಮತ್ತೆ ಕೂಗಿದ. ಅಂಕದ ವಿರಾಮದಲ್ಲಿ ಮೊಗಸಾಲೆಯ ನಡುವೆ ನಿಂತು, ಪತ್ರಿಕೆಯವರೆಲ್ಲ ಕೇಳುವಂತೆ ಅಪ್ಪಣೆ ಹೊರಡಿಸಿದ:

"ಆ ಕೂರ್ತವೆಲ್‌ನ ಕಿವಿ ಹಿಡಿದು ಎಳ್ಕೊಂಡು ಬನ್ರಯ್ಯ. ವಾಲ್ಟ್ಜ್ ಅಂದ್ರೇನು ಅಂತ ಕೇಳ್ಕೊಂಡು ಹೋಗ್ಲಿ."

ಕಂಬದ ಹಿಂದೆ ನಿಂತಿದ್ದ ಕೂರ್ತವೆಲ್ ತನ್ನ ಕಿವಿಯನ್ನು ತಾನೇ ಮೆಲ್ಲಗೆ ಸವರಿಕೊಂಡ. ಅವನ ಮುಖದಲ್ಲಿ ಸಂತೋಷವಿರಲಿಲ್ಲ. ಹಸಿದವನಿಗೆ ಒಲೆಯ ವಾಸನೆ ಬಂದ ಹಾಗಿತ್ತು.

ಪರದೆ ಬಿತ್ತು. ಚಪ್ಪಾಳೆ ಮಂದಿರವನ್ನು ಅಲ್ಲಾಡಿಸಿತು. ಪ್ಲಾಸಿದ್ ಮುಂದೆ ಬಂದು ತಲೆಬಾಗಿದ.

"ಮಹಿಳೆಯರೇ, ಮಹನೀಯರೇ, ನಾವೀಗ ಆಡಿದ ನಾಟಕದ ಸಂಗೀತ ಮೆಸ್ಯು ಅನ್ಸೆಲ್ಮ್ ಕೂರ್ತವೆಲ್ ಅವರದು. ಎರಡನೇ ಅಂಕದ ವಾಲ್ಟ್ಜ್ ಮೆಸ್ಯು ಬ್ರಾಕ್ ಅವರಿಗೆ ಹಳೇ ಪರಿಚಯ. ಹೋದ ಸಲ ಕೇಳಿದಾಗ ಅವರಿಗೆ ಸ್ವಲ್ಪ ನಿದ್ದೆ ಬಂದಿತ್ತು."

ಮಂದಿರದ ತಲೆಗಳೆಲ್ಲ ಆ ಬಾಕ್ಸಿನ ಕಡೆ ತಿರುಗಿದವು. ಕೂರ್ತವೆಲ್ ವೇದಿಕೆಗೆ ಬಂದ. ಜನರಿಗೆ ಬಾಗಲಿಲ್ಲ, ಬ್ರಾಕ್‌ಗೆ ಮಾತ್ರ, ಸೊಂಟದವರೆಗೆ ಬಾಗಿದ. ನೆಟ್ಟಗಾದ ಮೇಲೂ ಕಣ್ಣು ಕೀಳಲಿಲ್ಲ. ಆ ಮನುಷ್ಯ ಟೋಪಿ ಹುಡುಕಿಕೊಂಡು ಬಾಲ ಮುದುರಿ ಹೋಗುವುದನ್ನು ನೋಡಲೆಂದೇ ಅವನು ಇಷ್ಟು ಕಾಲ ಪಿಯಾನೋ ಕುಟ್ಟಿದ್ದ.

ಬ್ರಾಕ್ ಎದ್ದು ನಿಂತ. ಮುಖ ಬೀಟ್‌ರೂಟಿನಂತಾಗಿತ್ತು. ಅವನ ನೋಟ ವೇದಿಕೆಯಿಂದ ಅದರ ಮುಂದೆ ವಾದ್ಯಗಾರರು ಕೂರುವ ತಗ್ಗಿಗೆ ಇಳಿಯಿತು, ವಯೋಲಾ ಹಿಡಿದಿದ್ದ ನನ್ನ ಮೇಲೆ ನಿಂತಿತು. ನಾನು ನಾಚಿಕೊಂಡು ಬೂಟಿನ ತುದಿ ನೋಡಿದೆ.

ಮೊದಲು ಅವನ ಗಂಟಲಲ್ಲಿ ಏನೋ ಸಿಕ್ಕಿಕೊಂಡಂಥ ಸದ್ದಾಯಿತು. ಆಮೇಲೆ ಹೊಟ್ಟೆ ಕುಣಿಯಿತು. ಆಮೇಲೆ ಇಡೀ ಬ್ರಾಕ್.

"ಬದುಕಿದಾನ್ರಯ್ಯಾ," ಎಂದು ಬಾಕ್ಸಿನ ಕಟಕಟೆ ಹಿಡಿದು ಅರಚಿದ, "ಈ ಪಾಪಿ ಇನ್ನೂ ಬದುಕಿದಾನೆ!"

ಮಂದಿರವೆಲ್ಲ ನಕ್ಕಿತು. ನಾಯಕಿ ನಕ್ಕಳು, ಪ್ಲಾಸಿದ್ ನಕ್ಕ. ಬ್ರಾಕ್ ಕುಸಿಯುವುದನ್ನೇ ಕಾಯುತ್ತಿದ್ದ ಕೂರ್ತವೆಲ್ ಒಬ್ಬನೇ ತುಟಿ ಬಿಗಿದು ನಿಂತಿದ್ದ. ಬ್ರಾಕ್ ಕುಸಿಯಲಿಲ್ಲ. ಪಕ್ಕದವನ ಭುಜಕ್ಕೆ ಒರಗಿ, ಕಣ್ಣೀರು ಒರೆಸಿಕೊಳ್ಳುತ್ತ, ನಮ್ಮೆಲ್ಲರ ನಗುವನ್ನೂ ಮುಳುಗಿಸುವಷ್ಟು ಜೋರಾಗಿ ನಗುತ್ತಲೇ ಇದ್ದ.